ಎರಡು ಚೀಲ ಜೋಳದ ಸಸ್ಪೆನ್ಷನ್

ಮನುಷ್ಯನಿಗೆ ನಿಜವಾದ ಸುಖ ಇರುವುದೆಲ್ಲಿ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಎಷ್ಟೋ ಜನ ಮನೆ ಬಿಟ್ಟಿದ್ದಾರೆ, ಗವಿ ಸೇರಿದ್ದಾರೆ, ಗಡ್ಡ ಬೆಳೆಸಿದ್ದಾರೆ. ಉತ್ತರ ಸಿಕ್ಕವರು ಹೇಳಲಿಲ್ಲ, ಹೇಳಿದವರಿಗೆ ಸಿಕ್ಕಿರಲಿಲ್ಲ. ನಮ್ಮ ಅಣ್ಣನಿಗೆ ಮಾತ್ರ ಖಚಿತವಾಗಿ ಗೊತ್ತಾಗಿದೆ. ಅದು ಹಿಂದಿನ ಗಾಲಿಯ ಸ್ಪ್ರಿಂಗಿನಲ್ಲಿದೆ.

ಅಣ್ಣನದು ಬೈಲಹೊಂಗಲದಲ್ಲಿ ಬೀಜ, ಗೊಬ್ಬರದ ಅಂಗಡಿ. ಐವತ್ತೆಂಟು ವರ್ಷ ಸಜ್ಜನನಾಗಿ ಬಾಳಿದ. ಐವತ್ತೊಂಬತ್ತನೆಯದರಲ್ಲಿ ಸ್ಪೋರ್ಟ್ಸ್ ಕಾರು ತಂದ.

ಸೆಕೆಂಡ್ ಹ್ಯಾಂಡ್. ಕೊಲ್ಹಾಪುರದ ಮಾಲು. ಬಣ್ಣ ಕೆಂಪು, ಬಾಗಿಲು ಎರಡು, ಸೀಟು ಎರಡು. ನೆಲಕ್ಕೂ ಅದಕ್ಕೂ ನಡುವೆ ಒಂದು ಬೆಕ್ಕು ತಲೆ ತಗ್ಗಿಸಿಕೊಂಡು ಹೋಗಬಹುದು, ನಾಯಿ ಹೋಗಲಾರದು. ಹಿಂದಿನ ಮಾಲೀಕ ಅದರ ಸಸ್ಪೆನ್ಷನ್ನಿಗೆ ಇನ್ನಷ್ಟು ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದನಂತೆ, ವೇಗವಾಗಿ ತಿರುಗುವಾಗ ಕಾರು ವಾಲಬಾರದು ಎಂದು. (ಅಷ್ಟು ವೇಗವಾಗಿ ತಿರುಗಲು ನಮ್ಮೂರಿನ ಎಮ್ಮೆಗಳು ದಾರಿ ಬಿಡಬೇಕಲ್ಲ?)

ಆ ಗಟ್ಟಿತನ ಎಂಥದೆಂದು ನಿಮಗೆ ಹೇಗೆ ಹೇಳಲಿ? ರಸ್ತೆಯಲ್ಲಿ ಬಿದ್ದ ಬೀಡಿಯ ಮೇಲೆ ಹಾದರೂ ಸಾಕು, ಅದು ಸೇದಿದ್ದೋ ಸೇದದ್ದೋ ಎಂಬುದು ಕುಳಿತವರ ಬೆನ್ನುಹುರಿಗೆ ತಿಳಿಯುತ್ತಿತ್ತು.

ಅಣ್ಣ ಇದನ್ನು ತಪಸ್ಸಿನಂತೆ ಸಹಿಸಿದ. ಸಮಸ್ಯೆ ಆದದ್ದು ವೈನಿಗೆ. ವೈನಿ ಎಂದರೆ ಅಣ್ಣನ ಹೆಂಡತಿ. ನಮ್ಮ ಕಡೆ ಅತ್ತಿಗೆ ಎನ್ನುವ ರೂಢಿ ಕಡಿಮೆ. ಅವರ ತವರು ರಾಮದುರ್ಗ. ಕಾರು ತಂದ ಹೊಸತರಲ್ಲಿ ಅಣ್ಣ ಅವರನ್ನು ಮೆರೆಸಿಕೊಂಡು ಅಲ್ಲಿಗೆ ಹೋದ. ಇಡೀ ಓಣಿ ಬಾಗಿಲಿಗೆ ಬಂದು ನಿಂತಿತ್ತು. ಬಾಗಿಲು ತೆರೆಯಿತು. ವೈನಿ ಇಳಿದರು. ಆದರೆ ನೆಟ್ಟಗಾಗಲಿಲ್ಲ. ಬಾಗಿದ ನಡ ಬಾಗಿದಂತೆಯೇ ಅಂಗಳ ದಾಟಿ, ಕಟ್ಟೆ ಹತ್ತಿ, ಒಳಗೆ ಹೋದರು. ಅವರ ತಮ್ಮ ಈರಣ್ಣನ ಹೆಂಡತಿ, ಬಾಯಿ ಚುರುಕಿನ ಹೆಣ್ಣುಮಗಳು, ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು.

"ಅಕ್ಕಾರ, ನೀವು ಕಾರಿನ್ಯಾಗ ಬಂದ್ರ್ಯೋ, ಕಾರ ಹೊತಗೊಂಡ ಬಂದ್ರ್ಯೋ?"

ನಡದ ನೋವು ನಾಲ್ಕು ದಿನಕ್ಕೆ ಹೋಯಿತು. ಈ ಮಾತು ಹೋಗಲಿಲ್ಲ.

ಕಳೆದ ವರ್ಷ ಈರಣ್ಣನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆ ಬಂತು. ಬಸ್ಸಿಗೆ ಹೋದರೆ ಕಾರು ಕೈಕೊಟ್ಟಿತು ಎಂದು ನಗುತ್ತಾರೆ. ಕಾರಿನಲ್ಲಿ ಹೋದರೆ ನಡ ಕೈಕೊಡುತ್ತದೆ. ವೈನಿ ರೊಟ್ಟಿ ಬಡಿಯುತ್ತಲೇ ಅಣ್ಣನಿಗೆ ತೀರ್ಪು ಓದಿದರು.

"ಈ ಸಲ ರಾಮದುರ್ಗಕ್ಕ ಹೋಗಿ ಬರೂದ್ರಾಗ ನನ್ನ ನಡ ನೆಟ್ಟಗ ಉಳೀಬೇಕು. ಉಳೀಲಿಲ್ಲಂದ್ರ ಈ ಮನ್ಯಾಗ ಒಂದ ಇರತೈತಿ. ಕಾರರ, ನಾನರ."

ಅಣ್ಣನ ಮುಖ ನೋಡಿದೆ. ಅವನು ಒಂದು ಕ್ಷಣ ಯೋಚಿಸಿದ್ದೇ ತಪ್ಪಾಯಿತು. ಅಂದು ಅವನಿಗೆ ರೊಟ್ಟಿಯ ಜೊತೆ ಪಲ್ಯ ಬರಲಿಲ್ಲ.

ಎಂಟು ದಿನ ಉಳಿದಿತ್ತು. ಮೆತ್ತನೆಯ ಸ್ಪ್ರಿಂಗ್ ಹಾಕಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ಅಣ್ಣನೂ ಕೇಳಿದ. ಅದು ಹಡಗಿನಲ್ಲಿ ಬರಬೇಕು, ಮೂರು ತಿಂಗಳು ಎಂದರು. ಅಷ್ಟರಲ್ಲಿ ಕೂಸು ತೊಟ್ಟಿಲಿಂದ ಇಳಿದು ಅಂಬೆಗಾಲಿಡುತ್ತದೆ. ಆದ್ದರಿಂದ ಸ್ಥಳೀಯ ಸಂಶೋಧನೆ ಆರಂಭವಾಯಿತು.

ಷಾಕ್ ಅಬ್ಸಾರ್ಬರಿನ ಮೇಲೊಂದು ತಿರುಪು ಇರುತ್ತದೆ, ತಿರುಗಿಸಿದರೆ ಕಾರು ಮೃದುವಾಗುತ್ತದೆ ಎಂದು ಅಣ್ಣ ಯಾವುದೋ ವಿಡಿಯೋದಲ್ಲಿ ನೋಡಿದ. ತಿರುಗಿಸಿದ. ತಿರುಪು ಕೈಗೆ ಬಂತು.

ಆಮೇಲೆ ಕೌದಿ. ಅಜ್ಜಿ ಹೊಲಿದ ಗಟ್ಟಿ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ವೈನಿಯ ಸೀಟಿಗೆ ಹಾಸಲಾಯಿತು. ಕೆಳಗಿನ ಪೆಟ್ಟು ನಿಜಕ್ಕೂ ಕಡಿಮೆಯಾಯಿತು. ಆದರೆ ಸೀಟು ಮೇಲೆ ಬಂದದ್ದರಿಂದ ಪ್ರತಿ ತಗ್ಗಿಗೂ ವೈನಿಯ ತುರುಬು ಕಾರಿನ ಚಾವಣಿಗೆ ಬಡಿಯತೊಡಗಿತು. ನಡ ಉಳಿಸಲು ಹೋಗಿ ಕುತ್ತಿಗೆ ಪಣಕ್ಕಿಟ್ಟಂತಾಯಿತು.

ಟೈರಿನ ಗಾಳಿ ಇಳಿಸಿದ್ದೂ ಆಯಿತು. ಪೇಟೆಯ ರಸ್ತೆಯ ಹಂಪಿನ ಮೇಲೆ ಕಾರಿನ ಹೊಟ್ಟೆ ಕೂತು, ನಾಲ್ಕು ಜನ ಕೂಡಿ ಎತ್ತಿ ಇಳಿಸಿದರು. (ಎತ್ತಿದವರಲ್ಲೊಬ್ಬರು ಇದರೊಳಗೆ ಇಂಜಿನ್ ಇದೆಯೇ ಎಂದು ವಿನಯದಿಂದ ಕೇಳಿದರು.) ಗಾಳಿ ವಾಪಸ್ ತುಂಬಿಸಲಾಯಿತು.

ಕೊನೆಗೆ ಅಣ್ಣ ನನ್ನನ್ನು ಕೂರಿಸಿಕೊಂಡು ಎಂ.ಕೆ. ಹುಬ್ಬಳ್ಳಿಗೆ ಹೊರಟ. ದೊಡ್ಡ ಹುಬ್ಬಳ್ಳಿಯಲ್ಲ, ನಮ್ಮ ಕಿತ್ತೂರಿನ ಹತ್ತಿರದ ಸಣ್ಣದು. ಅಲ್ಲಿ ರಾಜೇಸಾಬ ಎಂಬ ಮಿಸ್ತ್ರಿ ಇದ್ದಾರೆ. ಮೂವತ್ತು ವರ್ಷದಿಂದ ಕಬ್ಬಿನ ಟ್ರೇಲರುಗಳ ಪಾಟಾ ಎಂಬ ಸ್ಪ್ರಿಂಗ್ ಪಟ್ಟಿ, ಆಕ್ಸಲ್ಲು ಅವರ ಕೈಯಲ್ಲೇ ಇವೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಡಿಕ್ಕಿಯ ಮೇಲೆ ಎರಡೂ ಕೈಯೂರಿ ಒತ್ತಿದರು. ಅದು ಅಲುಗಲಿಲ್ಲ. ರೋಗಿಯ ನಾಡಿ ಬಿಟ್ಟ ವೈದ್ಯರಂತೆ ಕೈ ಒರೆಸಿಕೊಂಡರು.

"ಸಾವಕಾರ್ರ, ಗಾಡಿಗೆ ಏನೂ ಆಗಿಲ್ಲರಿ. ಹಸದೈತಿ, ಅಷ್ಟ. ಖಾಲಿ ಟ್ರೇಲರ್ ಹೆಂಗ ಕುಣೀತೈತಿ ನೋಡೀರಿಲ್ಲೊ? ಅದಕ್ಕ ಕಬ್ಬ ಹೇರ್ರಿ, ತೇಲಕೋತ ಹೊಕ್ಕೈತಿ. ನಿಮ್ಮ ಗಾಡಿಗೆ ಎರಡ ಚೀಲ ಜ್ವಾಳ ಹಾಕ್ರಿ. ಮೂರನೇದ ಮಾತ್ರ ಬ್ಯಾಡ."

ಜಗತ್ತಿನ ದೊಡ್ಡ ದೊಡ್ಡ ಇಂಜಿನಿಯರುಗಳು ಕಾರಿನ ತೂಕವನ್ನು ಗ್ರಾಂ ಗ್ರಾಂ ಇಳಿಸಲು ಆಯುಷ್ಯ ಸವೆಸುತ್ತಾರೆ. ರಾಜೇಸಾಬರು ಒಂದೇ ವಾಕ್ಯದಲ್ಲಿ ಒಂದು ಕ್ವಿಂಟಲ್ ಏರಿಸಿದರು.

ತೊಟ್ಟಿಲ ದಿನ ಐವತ್ತು ಕಿಲೋದ ಒಂದು ಚೀಲ ಡಿಕ್ಕಿಯಲ್ಲಿ, ಇನ್ನೊಂದು ಸೀಟುಗಳ ಹಿಂದಿನ ಸಂದಿಯಲ್ಲಿ ಕೂತವು. ವೈನಿ ಅವುಗಳಿಗಿಂತ ಗಂಭೀರವಾಗಿ ಮುಂದೆ ಕೂತರು. ನಾನು ನನ್ನ ಹಳೆಯ ಕಾರಿನಲ್ಲಿ ಹಿಂದೆ. ನನ್ನ ಹುದ್ದೆ ಆಂಬುಲೆನ್ಸಿನದು. ನಡ ಹೋದರೆ ವೈನಿಯನ್ನು ಅಲ್ಲಿಂದ ಮುಂದಕ್ಕೆ ಸಾಗಿಸಬೇಕು.

ಮುನವಳ್ಳಿಯವರೆಗೆ ನಾನು ಮುಂದಿನ ಕಾರನ್ನೇ ನೋಡುತ್ತಿದ್ದೆ. ಕಾರು ಕುಣಿಯಲಿಲ್ಲ. ತಗ್ಗು ಬಂದರೆ ಬಾಗಿ, ಏಳುತ್ತಿತ್ತು, ಮಠದಲ್ಲಿ ನಮಸ್ಕಾರ ಮಾಡಿದಂತೆ. ಹಂಪಿನಲ್ಲಿ ಮಾತ್ರ ಅಣ್ಣ ಅದನ್ನು ಓರೆ ಮಾಡಿ, ಒಂದೊಂದೇ ಗಾಲಿ ದಾಟಿಸುತ್ತಿದ್ದ. ನವಿಲುತೀರ್ಥದ ಹತ್ತಿರ ವೈನಿಯ ತಲೆ ಪಕ್ಕಕ್ಕೆ ವಾಲಿ ಗಾಜಿಗೆ ಒರಗಿದ್ದು ಕಂಡಿತು. ಮೂರ್ಛೆ ಹೋದರೇ? ಹಾರ್ನ್ ಹೊಡೆದೆ. ಅಣ್ಣ ಗಾಡಿ ಬದಿಗೆ ನಿಲ್ಲಿಸಿ ಫೋನ್ ಮಾಡಿ ಪಿಸುಗುಟ್ಟಿದ.

"ನಿದ್ದಿ ಹತ್ತೇತಿ. ಹಾರ್ನ ಹೊಡಿಬ್ಯಾಡ."

ಆ ದನಿಯಲ್ಲಿ ಇದ್ದದ್ದು ಹೆಂಡತಿಯ ಮೇಲಿನ ಪ್ರೀತಿಯೋ, ಕಾರಿನ ಮೇಲಿನದೋ? ಎರಡೂ ಅಂದು ಮೊದಲ ಬಾರಿಗೆ ಒಂದೇ ಆಗಿದ್ದವು.

ಸವದತ್ತಿ ದಾಟಿದ್ದು ವೈನಿಗೆ ಗೊತ್ತಾಗಲಿಲ್ಲ. ರಾಮದುರ್ಗದಲ್ಲಿ ಎದ್ದರು, ಸೆರಗು ಸರಿಮಾಡಿಕೊಂಡರು, ಇಳಿದರು. ಧ್ವಜಸ್ತಂಭದಂತೆ ನಿಂತರು. ಈರಣ್ಣನ ಹೆಂಡತಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ನೀರಿನ ತಂಬಿಗೆ ತರಲು ಒಳಗೆ ಹೋದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಈರಣ್ಣ ಅಕ್ಕನ ಬ್ಯಾಗು ತೆಗೆಯಲು ಡಿಕ್ಕಿ ತೆರೆದ.

ನಮ್ಮ ಕಡೆಯ ಕಾನೂನು ನಿಮಗೆ ಗೊತ್ತಿರಬೇಕು. ಹೆಣ್ಣುಮಗಳು ತವರಿಗೆ ಬರಿಗೈಯಲ್ಲಿ ಬರುವುದಿಲ್ಲ. ಬಂದ ಗಾಡಿಯಲ್ಲಿ ಕಾಳು ಕಂಡರೆ ಅದು ಯಾರಿಗೆಂದು ಯಾರೂ ಕೇಳುವುದಿಲ್ಲ. ಸ್ಪ್ರಿಂಗಿಗಾಗಿ ತಂದ ಜೋಳ ಎಂಬ ಒಂದು ವರ್ಗ ಇರಬಹುದೆಂದು ರಾಮದುರ್ಗದಲ್ಲಿ ಯಾರಿಗಾದರೂ ಹೇಗೆ ಹೊಳೆಯಬೇಕು?

"ಅಕ್ಕಾ, ಇಷ್ಟ ಯಾಕ ತರಾಕ ಹೋದಿ?" ಈರಣ್ಣನ ಕಣ್ಣು ತೇವವಾಗಿತ್ತು.

ವೈನಿ ಅಣ್ಣನ ಕಡೆ ನೋಡಿದರು. ಅಣ್ಣ ಆಕಾಶದ ಕಡೆ ನೋಡಿದ.

"ಮೊಮ್ಮಗನ ತೊಟ್ಲಕ್ಕ ಬರಿಗೈಲೆ ಬರತಾರೇನೊ?" ಎಂದರು ವೈನಿ, ನಾಡಿಗೆ ದಾನ ಕೊಟ್ಟ ರಾಣಿಯ ಧಾಟಿಯಲ್ಲಿ. ಎರಡೂ ಚೀಲಗಳು ಹೆಗಲೇರಿ ಒಳಗೆ ಹೋದವು. ಓಣಿ ನೋಡಿತು. ಈರಣ್ಣನ ಹೆಂಡತಿಯೂ ನೋಡಿದಳು.

ಕೂಸಿಗೆ ಹೆಸರಿಟ್ಟರು, ಹೋಳಿಗೆ ಬಡಿಸಿದರು. ಅಣ್ಣನಿಗೆ ಒಂದೂ ಇಳಿಯಲಿಲ್ಲ. ಪಂಕ್ತಿಯಲ್ಲಿ ನನ್ನ ಕಿವಿಗೆ ಬಾಗಿದ.

"ಸಸ್ಪೆನ್ಷನ್ ಅಡಗಿಮನಿಗೆ ಹೋತಲ್ಲೋ."

ವೈನಿಯ ಷರತ್ತು ಹೋಗಿ ಬರುವುದು. ಅರ್ಧ ಮಾತ್ರ ಆಗಿತ್ತು. ಊರಾಚೆ ನಾಲ್ಕು ಕಲ್ಲು ಹೇರಿಕೊಳ್ಳೋಣ ಎಂದೆ. ಅಣ್ಣ ನನ್ನನ್ನು ಮನೆತನ ಮುಳುಗಿಸುವವನಂತೆ ನೋಡಿದ. ಬೀಗರ ಊರಿಂದ ಕಲ್ಲು ತುಂಬಿಕೊಂಡು ಹೋದರೆಂದು ಮೂರು ತಲೆಮಾರು ಆಡಿಕೊಳ್ಳುತ್ತಾರಂತೆ. ಅಷ್ಟರಲ್ಲಿ ವೈನಿ ತುಪ್ಪ ಬಡಿಸುವ ನೆಪದಲ್ಲಿ ಬಂದು, ತಗ್ಗಿದ ದನಿಯಲ್ಲಿ ಹೇಳಿ ಹೋದರು: "ಖಾಲಿ ಗಾಡ್ಯಾಗ ನಾ ಹತ್ತಾಕಿ ಅಲ್ಲ."

ಅಣ್ಣ ಎಲೆಯ ಮುಂದೆ ಕಾರಿಗೆ ಮನಸ್ಸಿನಲ್ಲೇ ವಿದಾಯ ಹೇಳುತ್ತಿದ್ದ. ಐವತ್ತೆಂಟು ವರ್ಷ ಕಾದು ತಂದದ್ದು. ಮುಖ ನೋಡಲಾಗಲಿಲ್ಲ.

ಆದರೆ ಕಾನೂನಿಗೆ ಇನ್ನೊಂದು ಕಲಮು ಇದೆ. ತವರಿನವರು ಬಂದದ್ದಕ್ಕಿಂತ ಕಡಿಮೆ ಕಳಿಸುವುದಿಲ್ಲ. ಬುತ್ತಿಯ ಗಂಟಿನ ಹಿಂದೆಯೇ ಒಂದು ಚೀಲ ಕಡಲೆ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಈರಣ್ಣನೇ ನಿಂತು ಕಾರಿಗೆ ಹಾಕಿಸಿದ. ಅಣ್ಣನ ಮುಖಕ್ಕೆ ರಕ್ತ ಮರಳಿತು. ಆಗ ಈರಣ್ಣನ ಹೆಂಡತಿ, ಸೋಲೊಪ್ಪದೆ, ಮೂರನೆಯದನ್ನು ತರಿಸಿದಳು.

ಬೇಡ ಎನ್ನುವಂತಿಲ್ಲ, ಅದು ಅಪಮಾನ. ಹಾಕುವಂತಿಲ್ಲ, ಮಿಸ್ತ್ರಿಯ ಆಜ್ಞೆ. ಎಲ್ಲರೂ ಒಟ್ಟಿಗೆ ನನ್ನ ಕಾರಿನ ಕಡೆ ತಿರುಗಿದರು. ಅದಕ್ಕೆ ಯಾವ ಸುಧಾರಣೆಯೂ ಬೇಕಿರಲಿಲ್ಲ. ಆದರೂ ಒಂದು ಚೀಲದಷ್ಟು ಆಯಿತು.

ಬರುವಾಗಲೂ ವೈನಿಗೆ ನಿದ್ದೆ ಹತ್ತಿತು. ಆದರೆ ಈರಣ್ಣ ಒಂದು ಚೀಲ ಹೆಚ್ಚು ಕಳಿಸಿದ್ದಾನೆ ಎಂಬುದು ಬೈಲಹೊಂಗಲಕ್ಕೆ ಬಂದು ಇಳಿಯುತ್ತಲೇ ಅವರಿಗೆ ನೆನಪಾಯಿತು. ಹಾಗೆ ಬಿಡುವುದುಂಟೇ?

ಅಣ್ಣ ಕಾರು ಮಾರಲಿಲ್ಲ. ಅದು ಈಗ ಹದಿನೈದು ದಿನಕ್ಕೊಮ್ಮೆ ರಾಮದುರ್ಗಕ್ಕೆ ಜೋಳ ಒಯ್ಯುತ್ತದೆ, ಬರುವಾಗ ಕಡಲೆ ತರುತ್ತದೆ.