ಮೀನು ಮುಟ್ಟದ ಗಾಳಗಾರ

ಪುಣೆಯ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿರುವ ಹೊಳಬಸಪ್ಪನಿಗೆ ಗಾಳದ ಹುಚ್ಚು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ಆದರೂ ರವಿವಾರ ಬಂತೆಂದರೆ ಈ ಮನುಷ್ಯನ ಕಾಲು ಮನೆಯಲ್ಲಿ ನಿಲ್ಲದು. ಮೀನು ಹಿಡಿಯುತ್ತಾನೆ, ತಿನ್ನುವುದಿಲ್ಲ. ತಿನ್ನುವುದಿರಲಿ, ಮುಟ್ಟುವುದೂ ಇಲ್ಲ. ಇದೆಂಥ ಬೇಟೆ ಎಂದು ನೀವು ನಕ್ಕರೆ ತಪ್ಪೇನಿಲ್ಲ, ಅಡತಿಯ ಹಮಾಲರೂ ನಕ್ಕು ನಕ್ಕು ಸುಸ್ತಾಗಿದ್ದಾರೆ.

ಹುಚ್ಚು ಹಿಡಿಸಿದವನು ಕಾಂತಪ್ಪ, ಯಾರ್ಡಿನ ಗೇಟಿನ ಬಳಿ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯವ. ಜೊತೆಗೊಬ್ಬರಿರಲಿ ಎಂದು ಒಮ್ಮೆ ಹೊಳಬಸಪ್ಪನನ್ನು ಭೋರ್ ಬಸ್ಸಿಗೆ ಹತ್ತಿಸಿ ಅಣೆಕಟ್ಟಿನ ಹಿನ್ನೀರಿಗೆ ಕರೆದೊಯ್ದ. ಮೊದಲ ಮೀನು ದಾರ ಜಗ್ಗಿದಾಗ ಹೊಳಬಸಪ್ಪನ ಎದೆ ಢವಢವ ಹೊಡೆದುಕೊಂಡಿತು. ದಡಕ್ಕೆಳೆದದ್ದೇನೋ ಆಯಿತು, ಆದರೆ ಒದ್ದಾಡುವ ಜೀವ ಕಂಡು ಕೈ ತಾನಾಗಿ ಹಿಂದೆ ಸರಿಯಿತು. "ಬರ್ರಿ ಕಾಂತಪ್ಪಾರ, ಬಂತ್ರಿ" ಎಂದು ಕೂಗಿದ. ಕಾಂತಪ್ಪ ಓಡಿಬಂದು ಅದನ್ನು ಗಾಳದ ಮುಳ್ಳಿನಿಂದ ಬಿಡಿಸಿಕೊಂಡ. ಅಂದಿನಿಂದ ಅದೇ ಕರಾರು. ಹಿಡಿಯುವುದು ಇವನು, ಬಿಡಿಸುವುದು ಅವನು. ಮುಟ್ಟದವನಿಗೆ ಪಾಪವಿಲ್ಲ ಎಂದು ಹೊಳಬಸಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಇಬ್ಬರೂ ಬೆನ್ನು ಹತ್ತುತ್ತಿದ್ದದ್ದು ಮಡೆಂಜಿಯನ್ನು. ಹಾವಿನಂಥ ತಲೆಯ, ಉಸಿರಿಗಾಗಿ ಮೇಲೆ ಬರುವ ಮೀನು, ಅಲ್ಲಿನವರು ಮರಳ್ ಎನ್ನುತ್ತಾರೆ. ಕಾಂತಪ್ಪನ ಪಾಠಗಳೆಲ್ಲ ಅದರ ಮೇಲೆಯೇ. ಬಿಸಿಲೇರುವ ಮುಂಚೆ ಹೋಗಬೇಕು. ನಮ್ಮ ನೆರಳು ನೀರಿಗೆ ಬೀಳಕೂಡದು. ದಾರದ ಗಂಟಿಗೆ ಎಂಜಲು ಹಚ್ಚಿ ಬಿಗಿಯಬೇಕು, ಒಣಗಂಟು ಕಡಿಯುತ್ತದೆ. ಎರೆಯ ಬದಲು ಕಟ್ಟಿದ, ಮುಳ್ಳು ಸಿಕ್ಕಿಸಿದ ರಬ್ಬರಿನ ಕಪ್ಪೆಯನ್ನು ಜೊಂಡಿನ ಆಚೆ ಎಸೆದು, ಎರಡು ಸಲ ಕುಪ್ಪಳಿಸುವಂತೆ ಆಡಿಸಿ, ಜೊಂಡಿನ ಅಂಚಿಗೆ ಬಂದಾಗ ಸುಮ್ಮನೆ ನಿಲ್ಲಿಸಬೇಕು. ನೀರು ಸಿಡಿಯಿತೆಂದು ತಕ್ಷಣ ಜಗ್ಗಿದವನು ಕೆಟ್ಟ.

"ಎಳೀಬೇಡಿ ಮಾರಾಯ್ರೆ. ಬಾಯಿಗೆ ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತು ಬಿಡಿ. ಅದು ಸರಿ ಕಚ್ಚಲಿ, ಮತ್ತೆ ಕೋಲು ಬಗ್ಗಿಸಿ ಬದಿಗೆ ಎಳೀರಿ" ಎನ್ನುತ್ತಿದ್ದ.

ಹೋದ ವರ್ಷ ಕಾಂತಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲೇ ಹೋಗಿಬಿಟ್ಟ.

ಆಮೇಲೂ ಹೊಳಬಸಪ್ಪ ಭೋರ್ ಬಸ್ಸು ತಪ್ಪಿಸಲಿಲ್ಲ. ಆದರೆ ಇಕ್ಕಳದಿಂದ ಕಪ್ಪೆಯ ಮುಳ್ಳುಗಳನ್ನು ಮುರಿದುಹಾಕಿದ. ಬಿಡಿಸುವವನೇ ಇಲ್ಲದ ಮೇಲೆ ಮುಳ್ಳು ಯಾಕೆ? ಮಡೆಂಜಿ ಬಂದು ಕಪ್ಪೆಗೆ ಬಾಯಿ ಹಾಕುತ್ತಿತ್ತು, ಉಗುಳಿ ಹೋಗುತ್ತಿತ್ತು. ಅಷ್ಟು ನೋಡಿ ಇವನು ತಿರುಗಿ ಬರುತ್ತಿದ್ದ. ಒಂದು ಸಂಜೆ ತಡೆಯಲಾರದೆ ಹೆಂಡತಿ ಕಾಶವ್ವನ ಮುಂದೆ ಬಾಯಿಬಿಟ್ಟ. "ಇವತ್ತ ಒಂದು ಭಾಳ ದೊಡ್ಡದು ಬಂದಿತ್ತ..."

"ದೀಪಾ ಹಚ್ಚಾಕತ್ತೀನ್ರಿ. ಆ ಮಾತು ಇಲ್ಲಿ ಬ್ಯಾಡ" ಎಂದಳು ಅವಳು. ಅವಳದೇನೂ ತಪ್ಪಿಲ್ಲ. ಆದರೆ ಇಷ್ಟು ದೊಡ್ಡ ಪುಣೆಯಲ್ಲಿ ಆ ಮಾತು ಕೇಳುವ ಒಂದು ಕಿವಿಯೂ ತನಗೆ ಉಳಿದಿಲ್ಲವಲ್ಲ ಎಂದು ಹೊಳಬಸಪ್ಪನಿಗೆ ಅನಿಸಿತು.

ಹೀಗಿರುವಾಗ ಕಾಂತಪ್ಪನ ಹೆಂಡತಿ ಪ್ರೇಮಾವತಿ ಅಡತಿಗೆ ಬಂದಳು. ಮಕ್ಕಳಿಲ್ಲದ ಅವಳು ಈಗ ಒಬ್ಬಳೇ ಹೋಟೆಲ್ ನೋಡಿಕೊಳ್ಳುತ್ತಿದ್ದಳು. "ಬರುವ ರವಿವಾರ ಸಂಜೆ ಅವರಿಗೆ ವರ್ಷದ ಎಲೆ ಬಡಿಸ್ಲಿಕ್ಕುಂಟು ಅಣ್ಣ" ಎಂದಳು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಗೆ ಬಡಿಸಿ, ಕರೆದು, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂರುವುದು ಅವರ ಕಡೆಯ ಪದ್ಧತಿ. "ಅವರಿಗೆ ಮಡೆಂಜಿ ಅಂದ್ರೆ ಪ್ರಾಣ. ಅದೂ ನೀವು ಹಿಡಿದದ್ದು. ಕ್ರಯಕ್ಕೆ ತಂದದ್ದು ಬಡಿಸ್ಲಿಕ್ಕೆ ಮನಸ್ಸು ಬರುದಿಲ್ಲ."

ಹೊಳಬಸಪ್ಪ ಹೂಂ ಎಂದುಬಿಟ್ಟ. ಅಂದುಬಿಟ್ಟ ಮೇಲೆ ಒಂದು ವಾರ ನಿದ್ದೆಗೆಟ್ಟ.

ರವಿವಾರ ಕಾಂತಪ್ಪನದೇ ಹಳೆಯ ಕಪ್ಪೆಯನ್ನು ಒಯ್ದ, ಮುಳ್ಳು ಇದ್ದದ್ದು. ಹಿನ್ನೀರಿನಲ್ಲಿ ನರಪಿಳ್ಳೆ ಇರಲಿಲ್ಲ. ಮೊದಲೆರಡು ಸಲ ಅವಸರಕ್ಕೆ ಜಗ್ಗಿ ಕಳೆದುಕೊಂಡ. ಬಿಸಿಲು ಬೆನ್ನು ಸುಡತೊಡಗಿದಾಗ ಜೊಂಡಿನ ಅಂಚಿನಲ್ಲಿ ನೀರು ಒಡೆಯಿತು. ಎಲೆ ಅಡಿಕೆ, ಎಲೆ ಅಡಿಕೆ ಎಂದುಕೊಳ್ಳುತ್ತ ಉಸಿರು ಹಿಡಿದು ಕಾದ, ಕೋಲು ಬಗ್ಗಿಸಿ ಬದಿಗೆ ಎಳೆದ. ತೋಳುದ್ದದ ಮಡೆಂಜಿ ದಡಕ್ಕೆ ಬಂದು ಕೆಸರಲ್ಲಿ ಹೊರಳಿತು.

"ಬರ್ರಿ ಕಾಂತಪ್ಪಾರ, ಬಂತ್ರಿ" ಎಂದು ಕೂಗಿ ಹಿಂತಿರುಗಿ ನೋಡಿದ.

ಹಿಂದೆ ಯಾರಿದ್ದಾರೆ? ಹುಲ್ಲು, ತನ್ನದೇ ಚಪ್ಪಲಿ. ಹೊಳಬಸಪ್ಪ ಅಲ್ಲೇ ಕೂತು ಅತ್ತ. ವರ್ಷವಿಡೀ ಬಾರದ ಅಳು ಆಗ ಬಂತು. ನಂತರ ಲಿಂಗವನ್ನು ಅಂಗಿಯೊಳಗೆ ಸರಿಸಿ ಗುಂಡಿ ಹಾಕಿಕೊಂಡ, ಒದ್ದೆ ಟವೆಲಿನಿಂದ ಮೀನಿನ ಕತ್ತು ಹಿಡಿದ. ಕೈಯಲ್ಲಿ ತಣ್ಣಗೆ ಮಿಡಿಯಿತು. ಮುಳ್ಳು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಇದರ ಪಾಪವೆಲ್ಲ ಇಷ್ಟು ವರ್ಷ ಕಾಂತಪ್ಪ ನಗುನಗುತ್ತ ಹೊತ್ತನಲ್ಲ ಎಂದು ಅವನಿಗೆ ಆಗ ತಿಳಿಯಿತು.

ಮಡೆಂಜಿ ಗಟ್ಟಿ ಜೀವ, ಒದ್ದೆ ಚೀಲದಲ್ಲಿ ತಾಸುಗಟ್ಟಲೆ ಉಸಿರಾಡುತ್ತದೆ. ಬಸ್ಸಿನಲ್ಲಿ ತೊಡೆಯ ಮೇಲೆ ಅದು ಮಿಸುಕಿದಾಗಲೆಲ್ಲ ಅವನು ಚೀಲದ ಮೇಲೆ ಕೈಯಿಡುತ್ತಿದ್ದ.

ಸಂಜೆ ಪ್ರೇಮಾವತಿಯ ಮನೆಯಲ್ಲಿ, ಬಡಿಸಿದ ಎಲೆಯಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಲೋಟ ಚಹಾ. ಹೊಳಬಸಪ್ಪ ಹೊಸ್ತಿಲಾಚೆ ನಿಂತಿದ್ದ. ಎಷ್ಟು ತೊಳೆದರೂ ಕೈಯ ವಾಸನೆ ಹೋಗಿರಲಿಲ್ಲ.

"ನೀವೇ ಕರೀರಿ ಅಣ್ಣ" ಎಂದಳು ಪ್ರೇಮಾವತಿ. "ನಿಮ್ಮ ಸ್ವರ ಅವರಿಗೆ ಗುರ್ತ ಉಂಟು."

ಹೇಗೆ ಕರೆಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಕರೆ.

"ಬರ್ರಿ ಕಾಂತಪ್ಪಾರ, ಬಂತ್ರಿ" ಎಂದ. ಆಮೇಲೆ "ಈ ಸಲ ನಾನ ಬಿಡಿಸೀನ್ರಿ" ಎಂದ.

ಪ್ರೇಮಾವತಿ ಮೆಲ್ಲಗೆ ಬಾಗಿಲು ಮುಚ್ಚಿದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾಂತಪ್ಪ ಉಣ್ಣುವುದನ್ನು ಕಾದರು.