ಆಟಿ ಅಮಾವಾಸ್ಯೆಗೆ ನಾನು ತಂದ ತೊಗಟೆ

ಐವತ್ತರ ದಶಕದ ಕೊನೆಯಲ್ಲಿ ನಾನು ಉಡುಪಿಯ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ಟ್ರು. ಹುಟ್ಟಿದ್ದು ಕಾಪುವಿನ ಕಡಲ ಬದಿಯಲ್ಲಿ. ಹೆಂಡತಿಯ ತವರು ಕಾರ್ಕಳದ ಆಚೆ, ಗುಡ್ಡದ ಬುಡದಲ್ಲಿ. ಬೋರ್ಡಿನ ಮೇಲೆ ಎಲೆ ಬರೆದು ಅದರ ನರಗಳನ್ನು ಮಕ್ಕಳಿಂದ ಎಣಿಸುತ್ತಿದ್ದವನು ನಾನು. ಆದರೂ ನನ್ನ ಭಾವ, ಹೆಂಡತಿಯ ಅಣ್ಣ, ಕಾಲೆಳೆಯದೆ ಬಿಡುತ್ತಿರಲಿಲ್ಲ. "ನಿಮ್ಮ ಕಡೆಯವರಿಗೆ ತೆಂಗು ಬಿಟ್ಟರೆ ಬೇರೆ ಮರ ಉಂಟೆಂದೇ ಗೊತ್ತಿಲ್ಲ, ಅಲ್ವಾ ಭಾವ?"

ಮದುವೆಯಾದ ವರ್ಷ ಹೆಂಡತಿ ಪದ್ಧತಿಯಂತೆ ಮಳೆಗಾಲದ ನಡುವಿನ ಆಟಿ ತಿಂಗಳಿಗೆ ತವರಿಗೆ ಹೋಗಿದ್ದಳು. ಅಮಾವಾಸ್ಯೆಗೆ ನಾನೂ ಹೋದೆ. ಆ ಬೆಳಿಗ್ಗೆ ಮನೆಮಂದಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲು, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಕತ್ತಲಲ್ಲಿ ಮರ ತಪ್ಪಬಾರದೆಂದು ಹಿಂದಿನ ಸಂಜೆಯೇ ಗುರುತು ಮಾಡಿಡುತ್ತಾರೆ. ಅದೇ ಗುಡ್ಡದಲ್ಲಿ ಕಾಸರಕನ ಮರವೂ ಇರುತ್ತದೆ. ಅದರ ತೊಗಟೆ ವಿಷ; ಕಿತ್ತರೆ ಹಾಲೆಯಂತೆ ಬಿಳಿ ಹಾಲು ಬರುವುದಿಲ್ಲ.

"ಈ ಸಲ ನಾನು ತರುತ್ತೇನೆ" ಎಂದೆ. ಜಂಬ, ಇನ್ನೇನು. ಭಾವ ಮರ ತೋರಿಸಿ, ಬುಡಕ್ಕೆ ಬಾಳೆನಾರು ಕಟ್ಟಿದ.

ಆ ರಾತ್ರಿ ಹುಚ್ಚು ಗಾಳಿ. ಬೆಳಗಿನ ಜಾವ ನಾನು ಹೋದಾಗ ದಾರಿಗೆ ಅಡ್ಡವಾಗಿ ಒಂದು ಮರ ಬಿದ್ದಿತ್ತು. ಲಾಟೀನು ಆರಿಹೋಯಿತು. ನಮ್ಮ ಮರವೇ ಬಿದ್ದಿದೆ, ನಾರು ಕೆಸರಿನಡಿ ಸೇರಿದೆ ಎಂದುಕೊಂಡು ಜಜ್ಜಿದೆ. ಮಳೆ ಸುರಿಯುತ್ತಿತ್ತು, ಕೈ ಮರಗಟ್ಟಿತ್ತು. ಅಂತೂ ಒಂದು ಹಿಡಿ ಕಿತ್ತು ತಂದೆ.

ಹೆಂಡತಿಯ ಅಜ್ಜಿ ಅಡುಗೆಮನೆಯಲ್ಲಿ ಕಾಯುತ್ತಿದ್ದರು. "ಕೀಳುವಾಗ ಹಾಲು ಬಂತಾ?" ಎಂದು ಕೇಳಿದರು.

ಭಾವ ಪಕ್ಕದಲ್ಲೇ ನಿಂತಿದ್ದ. "ಬಂತು" ಎಂದುಬಿಟ್ಟೆ.

ಅಜ್ಜಿ ಓಮ, ಬೆಳ್ಳುಳ್ಳಿ ಸೇರಿಸಿ ಅರೆದು, ಸೋಸಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ರಸಕ್ಕೆ ಹಾಕಿದರು. ಚುಂಯ್ ಎಂದಿತು. ಮನೆಗೆ ಹಿರಿಯರು ಅವರೇ ಆದ್ದರಿಂದ ಮೊದಲ ಲೋಟ ಅವರದು. ಆಮೇಲಿನದ್ದಕ್ಕೆ ನನ್ನ ಹೆಂಡತಿ ಕೈಚಾಚಿ ಕುಳಿತಿದ್ದಳು. ಅಜ್ಜಿ ಲೋಟ ತುಟಿಯ ಹತ್ತಿರ ತಂದಾಗ ನಾನು ಕೈ ಅಡ್ಡ ಹಿಡಿದೆ.

"ಅಜ್ಜಿ, ಕುಡಿಯಬೇಡಿ. ಹಾಲು ಬಂತೋ ಇಲ್ಲವೋ ನಾನು ನೋಡಲಿಲ್ಲ. ಸುಳ್ಳು ಹೇಳಿದೆ."

ಭಾವ ನಗಲಿಲ್ಲ. ಅಜ್ಜಿ ಲೋಟ ಕೆಳಗಿಟ್ಟು, "ನಡೆಯಿರಿ, ನೋಡುವ" ಎಂದು ಎದ್ದರು.

ಅಷ್ಟರಲ್ಲಿ ಬೆಳಕಾಗಿತ್ತು. ಮರದ ಹತ್ತಿರ ಹೋಗಿ ಮೊದಲು ಒಂದು ರೆಂಬೆ ಎತ್ತಿದೆ. ಹಾಲೆಯದಾದರೆ ಏಳೆಂಟು ಎಲೆಗಳು ಒಂದೇ ಗಿಣ್ಣಿನ ಸುತ್ತ ಬಿಡಿಸಿದ ಕೊಡೆಯಂತೆ ಇರಬೇಕು. ಇಲ್ಲಿ ಎಲೆಗಳು ಎರಡೆರಡೇ, ಎದುರುಬದುರು. ಒಂದೊಂದರಲ್ಲೂ ಬುಡದಿಂದ ತುದಿಗೆ ಎದ್ದು ಕಾಣುವ ಮೂರು ನರ. ಎಣಿಸಲು ನನಗೆ ಬರುತ್ತಿತ್ತಲ್ಲ, ಎಣಿಸಿದೆ. ಭಾವ ಈಗ ಕತ್ತಿಯಿಂದಲೇ ತೊಗಟೆ ಗೀರಿದ. ಬಿಳಿ ಹಾಲು ಒಂದು ತೊಟ್ಟೂ ಇಲ್ಲ. ಹಾಲೆಯ ಮರ ಮೆದು, ಉಗುರು ಊರಿದರೆ ಗುರುತು ಬೀಳುತ್ತದೆ. ಇದನ್ನು ಕಡಿದಾಗ ಕತ್ತಿಯೇ ಮೇಲೆ ಹಾರಿತು. ನಮ್ಮ ಹಾಲೆ ಹತ್ತು ಹೆಜ್ಜೆ ಆಚೆ, ಕಟ್ಟಿದ ನಾರಿನ ಸಮೇತ, ಆರಾಮವಾಗಿ ನಿಂತಿತ್ತು.

"ಕಾಸರಕ" ಎಂದರು ಅಜ್ಜಿ.

ನಾನು ಕೆಸರಿನಲ್ಲೇ ಕುಕ್ಕುರುಗಾಲಲ್ಲಿ ಕುಳಿತುಬಿಟ್ಟೆ. ಹೆಂಡತಿ ಬಂದು ತೋಳು ಹಿಡಿದು ಎಬ್ಬಿಸಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸೂರ್ಯ ಹುಟ್ಟಿಯಾಗಿತ್ತು, ಆದ್ದರಿಂದ ಆ ವರ್ಷ ಕಷಾಯವಿಲ್ಲ. ರಸವನ್ನು ಗುಂಡಿ ತೋಡಿ ಸುರಿದು ಮುಚ್ಚಿದೆವು. ಅರೆಯುವ ಕಲ್ಲನ್ನು ನಾನೇ ಮೂರು ಸಲ ತೊಳೆದೆ. ಆಮೇಲೆ ಎಲ್ಲರೂ ಸಾಲಾಗಿ ಕುಳಿತು ಮೆಂತೆ ಗಂಜಿ ಉಂಡೆವು. ಅಷ್ಟು ರುಚಿಯಾದ ಗಂಜಿಯನ್ನು ನಾನು ಮತ್ತೆ ಉಂಡಿಲ್ಲ, ಎಲ್ಲರೂ ಇದ್ದರಲ್ಲ.

ಮರುವರ್ಷ ಅಮಾವಾಸ್ಯೆಯ ಹಿಂದಿನ ಸಂಜೆ ಭಾವ ಮರ ಗುರುತು ಮಾಡಲು ಎದ್ದ. ಅಜ್ಜಿ ತಡೆದರು. "ನೀನು ಬೇಡ ಮಾರಾಯ. ಅಳಿಯಂದಿರೇ ತರಲಿ."

"ನಾನಾ, ಅಜ್ಜಿ?"

"ಹೌದು. ಈ ಮನೆಯಲ್ಲಿ ಕಾಸರಕನ ಮರಕ್ಕೆ ಸರಿಯಾಗಿ ಹೆದರಿದವರು ನೀವೊಬ್ಬರೇ."

ನಾನೇ ತೊಗಟೆ ತಂದೆ. ಅಜ್ಜಿ ಅರೆದು, ಸೋಸಿ, ಏನೂ ಕೇಳದೆ ಲೋಟ ಎತ್ತಿ ಕೊನೆಯ ತೊಟ್ಟಿನವರೆಗೂ ಕುಡಿದರು.