ಒರೇಕಲ್ ಮಾಸ್ತರರ ಹೊಟ್ಟೆಕಿಚ್ಚು

ಜೇವರ್ಗಿಯ ಕಲ್ಲಿನಾಥ ಮಾಸ್ತರರಿಗೆ ಹೊಟ್ಟೆಕಿಚ್ಚು ಹತ್ತಿದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ತಡವಾಗಿ ಬಂದ ಸಿಡುಬಿನ ಹಾಗೆ ಮೈತುಂಬ ಬಂತು. ವಿಜಯಪುರ ರಸ್ತೆಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಅವರು ಒರೇಕಲ್ ಕಲಿಸಿದವರು. ಬ್ಯಾಂಕು, ಕಚೇರಿಗಳ ರಾಶಿ ಮಾಹಿತಿಯನ್ನು ಜೋಡಿಸಿಡುವ ಡೇಟಾಬೇಸ್‌ಗಳಿಗೆಲ್ಲ ಅದೇ ಹಿರಿಯಣ್ಣ ಅಂತ ಅವರ ನಂಬಿಕೆ. ಊರವರು ಕರೆಯುತ್ತಿದ್ದುದೇ ಒರೇಕಲ್ ಮಾಸ್ತರ ಅಂತ. ಅವರ ಸಂಜೆಯ ಬ್ಯಾಚಿನಲ್ಲಿ ಕುರ್ಚಿ ಸಾಲದೆ ಹುಡುಗರು ಕಿಟಕಿಕಟ್ಟೆಯ ಮೇಲೆ ಕೂತ ಕಾಲವಿತ್ತು.

ಹಾಗೆ ಕೂತು ಕಲಿತವಳೇ ಶೈಲಶ್ರೀ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಮುಂದಿನ ಓದು ಮುಗಿಸಿ ಅದೇ ಕೇಂದ್ರಕ್ಕೆ ಕಲಿಸಲು ಬಂದಳು. ಬರುವಾಗ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ತಂದಳು. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದದ್ದು.

“ಪುಕ್ಕಟೆ ಸಿಗೋದಕ್ಕ ಕಿಮ್ಮತ್ತು ಎಲ್ಲಿಂದ ಬರ್ತದ?” ಅಂತ ಮಾಸ್ತರರು ಚಹಾದಂಗಡಿಯಲ್ಲಿ ನಕ್ಕರು. ಹುಡುಗರು ಮಾತ್ರ ಅವಳನ್ನೇ ಮುತ್ತಿಕೊಂಡರು. “ಸರ್ರಿ, ನಮಸ್ಕಾರ್ರಿ” ಅಂತ ಅವಳು ಅಂದಾಗಲೆಲ್ಲ ಇವರಿಗೆ ಮೈಯೆಲ್ಲ ಉರಿಯುತ್ತಿತ್ತು. ವಿನಯಕ್ಕೇನೂ ಕಡಿಮೆಯಿಲ್ಲ ನೋಡಿ ಮತ್ತೆ, ಅದೇ ಕಷ್ಟ.

ಸಂಜೆಗೆ ಇದ್ದದ್ದು ಒಂದೇ ಕೋಣೆ. ಕೇಂದ್ರದ ಮಾಲೀಕರಾದ ಹಣಮಂತರಾಯರು ಮೂಲತಃ ತೊಗರಿ ವ್ಯಾಪಾರಿಗಳು. ಡೇಟಾಬೇಸ್ ಅಂದರೆ ಕರಿದೋ ಬಿಳಿದೋ ಗೊತ್ತಿಲ್ಲ. ಕೋಣೆ ಯಾರಿಗೆ ಎಂಬ ಮಾತು ಬಂದಾಗ ಮಾಸ್ತರರೇ ಹುರುಪಿನಿಂದ ಒಂದು ಪಟ್ಟಿ ಮುದ್ರಿಸಿ ತಂದರು. ಯಾವ ಡೇಟಾಬೇಸ್ ಎಷ್ಟು ಜನಪ್ರಿಯ ಅಂತ ತಿಂಗಳಿಗೊಮ್ಮೆ ಇಂಟರ್ನೆಟ್ಟಿನಲ್ಲಿ ಬರುವ ಪಟ್ಟಿ ಅದು. ಜನ ಯಾವುದನ್ನು ಹುಡುಕುತ್ತಾರೆ, ಯಾವುದರ ಬಗ್ಗೆ ಪ್ರಶ್ನೆ ಕೇಳುತ್ತಾರೆ, ನೌಕರಿಯ ಜಾಹೀರಾತಿನಲ್ಲಿ ಯಾವ ಹೆಸರಿದೆ, ಎಲ್ಲ ಕೂಡಿಸಿ ಅಂಕ ಕೊಡುತ್ತಾರೆ.

“ನೋಡ್ರಿ ಸಾವ್ಕಾರ್ರ, ನಂಬರ್ ಒಂದು ಒರೇಕಲ್. ಅಕಿದು ನಾಕನೇದು.”

ಹಣಮಂತರಾಯರು ಕನ್ನಡಕ ಏರಿಸಿ, ಅಡತಿ ಅಂಗಡಿಯ ದರಪಟ್ಟಿ ನೋಡುವ ಹಾಗೆ ನೋಡಿದರು. “ಮಾಸ್ತರ, ಈ ಕಡೀಗಿ ಸಣ್ಣ ಅಂಕಿ ಏನವ?”

“ಅದು… ಹೋದ ವರ್ಷಕಿಂತ ಏರ್ಯಾದೋ ಇಳದದೋ ಅಂತ್ರಿ.”

“ನಿಮ್ಮದು ಇಳ್ಯಾಕತ್ತದ, ಅಕಿದು ಏರಾಕತ್ತದ. ಇಳಿಯೋ ಮಾಲು ಗೋದಾಮಿನ್ಯಾಗ ಯಾರು ಇಡ್ತಾರ?”

ಕೋಣೆ ಶೈಲಶ್ರೀಗೆ ಹೋಯಿತು. ಮಾಸ್ತರರ ಪಾಲಿಗೆ ಬೆಳಗಿನ ಟೈಪಿಂಗ್ ಬ್ಯಾಚು ಉಳಿಯಿತು. ಕೋಲು ಕೊಟ್ಟು ಹೊಡೆಸಿಕೊಂಡ ಕಥೆ.

ಆಮೇಲೆ ಅವರು ‘ತೊಗರಿನಾಡು’ ಎಂಬ ಕಳ್ಳ ಹೆಸರಿಟ್ಟುಕೊಂಡು ಪೋಸ್ಟ್‌ಗ್ರೆಸ್‌ನವರ ಚರ್ಚಾತಾಣ ಹೊಕ್ಕರು. ಅದರ ಹುಳುಕು ಬಯಲಿಗೆಳೆಯಬೇಕೆಂದು ದಿನಕ್ಕೊಂದು ಪ್ರಶ್ನೆ ಎಸೆದರು. ಇಬ್ಬರು ಒಂದೇ ಸಲಕ್ಕೆ ಒಂದೇ ಸಾಲು ತಿದ್ದಿದರೆ ಏನು ಗತಿ? ನಡುವೆ ಕರೆಂಟು ಹೋದರೆ ಅರ್ಧ ಬರೆದದ್ದು ಎಲ್ಲಿ? ಸಿಕ್ಕಿಹಾಕಿಸುವ ಹಟಕ್ಕೆ ಅದನ್ನು ಮೂಲೆಮೂಲೆ ಓದಿದರು. ಉತ್ತರಗಳು ಬಂದವು, ಸರಿಯಾಗಿಯೇ ಇದ್ದವು. ಅದು ಇನ್ನಷ್ಟು ಉರಿಸಿತು. ತಾವು ಕೇಳಿದಷ್ಟೂ ಆ ಪಟ್ಟಿಯಲ್ಲಿ ಅದರ ಅಂಕವೇ ಏರುತ್ತದೆಂದು ಹೊಳೆದಾಗ ನಾಲ್ಕು ದಿನ ಸುಮ್ಮನಿದ್ದರು. ಐದನೆಯ ದಿನ ತಡೆಯಲಾಗದೆ ಮತ್ತೆ ಕೇಳಿದರು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಹಣಮಂತರಾಯರು ಅವರನ್ನು ಶೈಲಶ್ರೀಯ ಕೋಣೆಗೆ ಕರೆಸಿದರು. ಕೂರಲು ಜಾಗವಿರಲಿಲ್ಲ. ಪರದೆಯ ಮೇಲೆ ಮಾಸ್ತರರ ಪ್ರಶ್ನೆಗಳು ಸಾಲಾಗಿ ನಿಂತಿದ್ದವು.

“ಸರ್ರಿ, ಇವು ಯಾರೋ ತೊಗರಿನಾಡು ಅನ್ನೋರು ಕೇಳಿದ್ದು,” ಅಂದಳು ಶೈಲಶ್ರೀ. “ಇವನ್ನೇ ಹಿಡಕೊಂಡು ಪಾಠ ಮಾಡಾಕತ್ತೇನಿ. ಇಷ್ಟು ಆಳಕ್ಕ ಇಳದು ಕೇಳೋರನ್ನ ನಾ ನೋಡೇ ಇಲ್ರಿ. ಎಷ್ಟು ಪ್ರೀತಿಲೆ ಓದ್ಯಾರ.”

“ಹೆಸರು ನೋಡಿದ್ರ ನಮ್ಮ ಕಡ್ಯಾಂವನೇ,” ಅಂದರು ಹಣಮಂತರಾಯರು. “ಬಾಜೂ ಕೋಣಿ ಹಿಡದು ಸಂಜಿಗಿ ಇನ್ನೊಂದು ಬ್ಯಾಚ್ ಸುರು ಮಾಡಬೇಕಾಗ್ಯಾದ. ಅವನಿಗೇ ಕೊಡಬೇಕಂತ ಮಾಡೇನಿ. ನಿಮಗ ಗೊತ್ತೇನ್ರಿ ಮಾಸ್ತರ, ಯಾರಂವ?”

ಮಾಸ್ತರರು ಲೆಕ್ಕ ಹಾಕಿದರು. ಒಂದು ಮಾತು ಆಡಿದರೆ ಸಂಜೆಯ ಬ್ಯಾಚು ಮರಳಿ ಕೈಗೆ. ಆದರೆ ಕಳ್ಳ ಹೆಸರು ಯಾಕ್ರಿ ಸರ್ ಅಂತ ಅವಳು ಕೇಳಿದರೆ? ಅವಳ ಮುಖದಲ್ಲಿದ್ದ ಮೆಚ್ಚುಗೆಯನ್ನು ಅವರು ಇಷ್ಟು ವರ್ಷ ತಮ್ಮ ಪಾಠಕ್ಕೆ ಕಂಡಿರಲಿಲ್ಲ.

“ಗೊತ್ತಿಲ್ರಿ,” ಅಂದರು.

ಹೊರಗೆ ಚಪ್ಪಲಿ ಮೆಟ್ಟುವಾಗ ಒಳಗೆ ಹುಡುಗರು ಆ ತೊಗರಿನಾಡಿನವನನ್ನೇ ಹೊಗಳುತ್ತಿದ್ದರು. ಮಾಸ್ತರರಿಗೆ ಅವನ ಮೇಲೂ ಹೊಟ್ಟೆ ಉರಿಯಿತು.